ಮೂವತ್ತು ಹೆರಿಗೆಯ ಲೆಕ್ಕ

ಕುರುಡುಮಲೆಯ ಗಣಪನಿಗೆ ರಾಜಕಾರಣಿಗಳ ದರ್ಶನಕ್ಕೆ ಎಂದೂ ಬರವಿಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಹೊರಟಿದ್ದು ಇಲ್ಲಿಂದ, ಮುಖ್ಯಮಂತ್ರಿ ಕುರ್ಚಿಯೂ ಸಿಕ್ಕಿತು. ಅಲ್ಲಿಂದಾಚೆಗೆ ಮುಳಬಾಗಿಲಿನಿಂದ ಹತ್ತು ಕಿಲೋಮೀಟರ್ ಆಚೆಗಿರುವ ಈ ಹಳ್ಳಿಯ ಹಾದಿ ಎಲ್ಲ ಪಕ್ಷಗಳಿಗೂ ಬಾಯಿಪಾಠ. 2022ರ ನವೆಂಬರಿನಲ್ಲಿ ಎಚ್.ಡಿ. ಕುಮಾರಸ್ವಾಮಿ ತಮ್ಮ ಪಂಚರತ್ನ ರಥಕ್ಕೆ ಇಲ್ಲೇ ಪೂಜೆ ಮಾಡಿಸಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಡಿ.ಕೆ. ಶಿವಕುಮಾರ್ ಪ್ರಜಾಧ್ವನಿ ಯಾತ್ರೆಯೊಂದಿಗೆ ಬಂದರು. ಪಂಚರತ್ನದ ಐದು ಭರವಸೆಗಳಲ್ಲಿ ಒಂದು ಆರೋಗ್ಯದ್ದಾಗಿತ್ತು: ಗ್ರಾಮ ಪಂಚಾಯಿತಿಗೊಂದು 30 ಹಾಸಿಗೆಯ ಆಸ್ಪತ್ರೆ. ಅತಿಯಾಯಿತು ಎಂದು ನಕ್ಕವರಿದ್ದರು. ಆದರೆ 1946ರಲ್ಲೇ ಭೋರ್ ಸಮಿತಿ ಹತ್ತಿಪ್ಪತ್ತು ಸಾವಿರ ಜನಕ್ಕೆ 75 ಹಾಸಿಗೆಯ ಆಸ್ಪತ್ರೆ ಇರಬೇಕೆಂಬ ಗುರಿ ಇಟ್ಟಿತ್ತು. ಅದು ಇಳಿಯುತ್ತ ಇಳಿಯುತ್ತ ಬಂದು ಈಗ ನಿಂತಿರುವುದು 1,20,000 ಜನಕ್ಕೆ 30 ಹಾಸಿಗೆ ಎಂಬಲ್ಲಿ. ಸರ್ಕಾರಿ ಕಡತದಲ್ಲಿ ಇದರ ಹೆಸರು ಸಮುದಾಯ ಆರೋಗ್ಯ ಕೇಂದ್ರ. ಸರ್ಜನ್, ಫಿಜಿಷಿಯನ್, ಪ್ರಸೂತಿ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ಒಂದೇ ಸೂರಿನಡಿ ಇರಬೇಕಾದ ಜಾಗ ಅದು. ಭರವಸೆ ಕೊಟ್ಟವರು ಅಧಿಕಾರಕ್ಕೆ ಬರಲಿಲ್ಲ. ಬಂದವರು ಇರುವ 30 ಹಾಸಿಗೆಗಳ ಪಕ್ಕದಿಂದಲೇ ತಜ್ಞರನ್ನು ಎಬ್ಬಿಸಿಕೊಂಡು ಹೋಗುತ್ತಿದ್ದಾರೆ.

ಹಿನ್ನೆಲೆ ಗೊತ್ತಿರುವುದೇ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಐವರು ಬಾಣಂತಿಯರು ಸತ್ತರು, ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಎದ್ದಿತು, ವಿಧಾನಸಭೆಯಲ್ಲಿ ಗದ್ದಲವಾಯಿತು. ಬಳಿಕ ಸರ್ಕಾರ ರಾಜ್ಯದ ತಾಯಂದಿರ ಸಾವಿನ ಲೆಕ್ಕ ತೆಗೆಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 464 ಸಾವು, ಅದರಲ್ಲಿ ಶೇ 70ರಷ್ಟು ತಪ್ಪಿಸಬಹುದಾಗಿದ್ದವು ಎಂಬುದು ಅದರ ತಾತ್ಪರ್ಯ. ಲೆಕ್ಕವನ್ನು ಮುಚ್ಚಿಡದೆ ಹೊರಗೆ ಹಾಕಿದ್ದಕ್ಕೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರನ್ನು ಮೆಚ್ಚಲೇಬೇಕು. ತಕರಾರು ಇರುವುದು ಆ ಲೆಕ್ಕದಿಂದ ಹುಟ್ಟಿದ ಪರಿಹಾರದ ಬಗ್ಗೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹಗಲೂ ರಾತ್ರಿ ಹೆರಿಗೆ ತಂಡ ಇರಬೇಕು, ಅದಕ್ಕಾಗಿ ತಿಂಗಳಿಗೆ 30ಕ್ಕಿಂತ ಕಡಿಮೆ ಹೆರಿಗೆ ಆಗುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರನ್ನು ಅಲ್ಲಿಗೆ ಸ್ಥಳಾಂತರಿಸಬೇಕು ಎಂದು ಇಲಾಖೆ ತೀರ್ಮಾನಿಸಿತು. ಇದರ ಮೊದಲರ್ಧ ಸರಿ, ಎರಡನೆಯ ಅರ್ಧ ತಪ್ಪು. ತಪ್ಪಿನ ಬೇರು ಆ 30 ಎಂಬ ಸಂಖ್ಯೆಯಲ್ಲಿದೆ.

ಲೆಕ್ಕ ಹಾಕಿ ನೋಡೋಣ. ಕರ್ನಾಟಕದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಹುಟ್ಟುವ ಮಕ್ಕಳು ಸುಮಾರು 16. ಒಂದು ಸಮುದಾಯ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿದ 1,20,000 ಜನರಲ್ಲಿ ವರ್ಷಕ್ಕೆ 1,900 ಚಿಲ್ಲರೆ, ತಿಂಗಳಿಗೆ 160 ಹೆರಿಗೆ. ಅವುಗಳಲ್ಲಿ ನೂರಕ್ಕೆ ಹತ್ತಾದರೂ ಶಸ್ತ್ರಚಿಕಿತ್ಸೆಯಿಲ್ಲದೆ ಆಗದ ಹೆರಿಗೆಗಳು ಎಂದುಕೊಂಡರೂ ತಿಂಗಳಿಗೆ 16 ಸಿಸೇರಿಯನ್. ಹೀಗಿರುವಾಗ ಒಂದು ಕೇಂದ್ರದ ರಿಜಿಸ್ಟರಿನಲ್ಲಿ 30ಕ್ಕಿಂತ ಕಡಿಮೆ ಹೆರಿಗೆ ದಾಖಲಾಗಿದ್ದರೆ ಅಲ್ಲಿ ಬಸುರಿಯರಿಲ್ಲ ಎಂದೇನೂ ಅಲ್ಲ, 130 ಬಸುರಿಯರು ಆ ಬಾಗಿಲನ್ನು ದಾಟಿಕೊಂಡು ಬೇರೆಲ್ಲಿಗೋ ಹೋಗಿದ್ದಾರೆ ಎಂದು ಅರ್ಥ. ಎಲ್ಲಿಗೆ ಹೋದರು, ಯಾಕೆ ಹೋದರು, ಎಷ್ಟು ಸಾಲ ಮಾಡಿದರು ಎಂದು ಕೇಳುವುದು ಆರೋಗ್ಯ ಇಲಾಖೆಯ ಕೆಲಸ. ಅದನ್ನು ಬಿಟ್ಟು, ಗಿರಾಕಿ ಇಲ್ಲದ ಅಂಗಡಿ ಎಂದು ಷಟರ್ ಎಳೆಯುವುದು ವ್ಯಾಪಾರಿಯ ಕೆಲಸ. ವ್ಯಾಪಾರಿ ಕೂಡ ಮೊದಲು ಅಂಗಡಿಯಲ್ಲಿ ಸಾಮಾನು ಇತ್ತೇ ಎಂದು ನೋಡುತ್ತಾನೆ.

ಸಾಮಾನು ಇರಲಿಲ್ಲ. ಕೇಂದ್ರ ಸರ್ಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ, ದೇಶದ ಹಳ್ಳಿಗಾಡಿನ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಶೇ 80ರಷ್ಟು ಕೊರತೆ. ಐದು ಜನ ಇರಬೇಕಾದಲ್ಲಿ ಒಬ್ಬರು. ಪ್ರಸೂತಿ ತಜ್ಞೆ ಇದ್ದು ಅರಿವಳಿಕೆ ಕೊಡುವವರಿಲ್ಲದಿದ್ದರೆ ಆಪರೇಷನ್ ಥಿಯೇಟರ್ ಬರೀ ಟೈಲ್ಸ್ ಹಾಕಿದ ಕೋಣೆ. ಇಬ್ಬರೂ ಇದ್ದು ರಕ್ತ ಇಡುವ ಫ್ರಿಜ್ ಇಲ್ಲದಿದ್ದರೆ ಎದೆಗಾರಿಕೆ ಇರುವ ಡಾಕ್ಟರೂ ಕತ್ತರಿ ಮುಟ್ಟುವುದಿಲ್ಲ. ನೋವು ಕಾಣಿಸಿಕೊಂಡು ರಾತ್ರಿ ಹನ್ನೊಂದಕ್ಕೆ ಬಂದವಳ ತಾಯಿ ಕಾರ್ಡಿನ ಮೇಲೆ ಡ್ಯೂಟಿ ನರ್ಸ್ ಬಿ.ಪಿ. ಬರೆದು, ಕೆಳಗೆ ಒಂದು ಸಾಲು ಗೀಚಿ, 108ಕ್ಕೆ ಫೋನು ಹಚ್ಚುತ್ತಾರೆ. ನಮ್ಮ ಕಡೆ ಇದಕ್ಕೆ 'ಬರೆದುಕೊಟ್ಟರು' ಅನ್ನುತ್ತಾರೆ: ಕೋಲಾರಕ್ಕೆ ಬರೆದುಕೊಟ್ಟರು, ಬೆಂಗಳೂರಿಗೆ ಬರೆದುಕೊಟ್ಟರು. ಒಂದು ಊರಿನಲ್ಲಿ ನಾಲ್ಕು ಜನಕ್ಕೆ ಹೀಗೆ ಬರೆದುಕೊಟ್ಟ ಮೇಲೆ ಐದನೆಯವಳು ಆ ಗೇಟಿನ ಕಡೆ ತಲೆ ಹಾಕುವುದಿಲ್ಲ. ಹೆರಿಗೆ ಕಡಿಮೆಯಾಗುವುದು ಹೀಗೆ. ತಂಡ ಅರ್ಧವಾಗಿದ್ದರಿಂದ ಸಂಖ್ಯೆ ಕುಸಿಯಿತು. ಈಗ ಸಂಖ್ಯೆ ಕುಸಿದದ್ದೇ ಕಾರಣವಾಗಿ ಉಳಿದರ್ಧ ತಂಡವೂ ಹೊರಟಿತು.

ಇಲಾಖೆಯ ಪರವಾಗಿ ಒಂದು ಗಟ್ಟಿಯಾದ ವಾದವಿದೆ. ತಜ್ಞರನ್ನು ಒಬ್ಬೊಬ್ಬರಾಗಿ ಚೆಲ್ಲಿದರೆ ಯಾರಿಂದಲೂ ಪೂರ್ತಿ ಕೆಲಸ ಆಗುವುದಿಲ್ಲ, ಕೈಗೆ ಕೆಲಸವಿಲ್ಲದ ಸರ್ಜನ್ನಿನ ಕೈ ಜಡ್ಡುಗಟ್ಟುತ್ತದೆ, ತಮಿಳುನಾಡು ಇಪ್ಪತ್ತು ವರ್ಷಗಳ ಹಿಂದೆಯೇ ಆಯ್ದ ಆಸ್ಪತ್ರೆಗಳಲ್ಲಿ ತಜ್ಞರನ್ನು ಒಟ್ಟುಗೂಡಿಸಿ 24 ಗಂಟೆಯ ತುರ್ತು ಪ್ರಸೂತಿ ಕೇಂದ್ರ ಮಾಡಿ ಗೆದ್ದಿದೆ ಎಂಬ ವಾದ. ನಿಜವೇ. 2018-20ರ ಅಂಕಿಅಂಶದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಾವೇ ಕೊನೆ. ಹಾಗಾಗಿ ನೆರೆಯವರಿಂದ ಕಲಿಯುವುದರಲ್ಲಿ ಅವಮಾನವಿಲ್ಲ. ಆದರೆ ಅರ್ಧ ಪಾಠ ಕಲಿತು ಬರಬಾರದು. ತಮಿಳುನಾಡು ಮೇಲಿನ ಮೆಟ್ಟಿಲು ಗಟ್ಟಿಮಾಡುವಾಗ ಕೆಳಗಿನ ಮೆಟ್ಟಿಲನ್ನು ಕಿತ್ತು ತರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮೂವರು ಸ್ಟಾಫ್ ನರ್ಸ್‌ಗಳನ್ನು ಕೊಟ್ಟು ಮೂರು ಪಾಳಿಯಲ್ಲೂ ಸಹಜ ಹೆರಿಗೆ ಅಲ್ಲೇ ಆಗುವಂತೆ ಮಾಡಿತು, ಔಷಧ ಪೂರೈಕೆಗೆ ಪ್ರತ್ಯೇಕ ನಿಗಮ ಕಟ್ಟಿ ಗುಣಮಟ್ಟ ನೋಡಿಕೊಂಡಿತು. ಹೀಗೆ ಕೆಳಗಿನಿಂದ ಸೋಸಿಕೊಂಡು ಬಂದ ಕಷ್ಟದ ಹೆರಿಗೆಗಳಷ್ಟೇ ಮೇಲಿನ ಆಸ್ಪತ್ರೆಗೆ ತಲುಪುತ್ತಿದ್ದವು. ನಮ್ಮ ತೀರ್ಮಾನದಲ್ಲಿ ತಜ್ಞರು ಎದ್ದುಹೋದ ಮೇಲೆ ಆ 30 ಹಾಸಿಗೆಗಳಲ್ಲಿ ಏನು ನಡೆಯಬೇಕು ಎಂಬುದೇ ಮಸುಕಾಗಿದೆ.

ಇನ್ನು ತಾಲ್ಲೂಕು ಆಸ್ಪತ್ರೆಯ ಹಗಲು ರಾತ್ರಿಯ ಮಾತು. ವಾರಕ್ಕೆ 168 ಗಂಟೆ. ಪ್ರತಿ ವಿಭಾಗಕ್ಕೆ ಇಬ್ಬರು ತಜ್ಞರನ್ನು ಕೂರಿಸಿದರೆ ತಲೆಗೆ 84 ಗಂಟೆ. ರಜೆ, ತರಬೇತಿ, ಕೋರ್ಟಿನ ಸಾಕ್ಷಿ, ಸ್ವಂತ ಜ್ವರ ಯಾವುದೂ ಇಲ್ಲ ಎಂದುಕೊಂಡರೂ ಇಷ್ಟು. ಮನುಷ್ಯ ಮಾತ್ರದವರು 48 ಗಂಟೆ ದುಡಿಯುತ್ತಾರೆ ಎಂದು ಹಿಡಿದರೆ ಒಂದು ವಿಭಾಗಕ್ಕೆ ನಾಲ್ವರು ಬೇಕು. ಆದ್ದರಿಂದ ಸಣ್ಣ ಕೇಂದ್ರಗಳನ್ನು ಬರಿದು ಮಾಡಿಯೂ ದೊಡ್ಡದು ತುಂಬುವುದಿಲ್ಲ. ಇರುವ ಕೊರತೆಯನ್ನೇ ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗ ಮಾಡಿದಂತಾಯಿತು. ದೊಡ್ಡ ಆಸ್ಪತ್ರೆ ಎಂದಾಕ್ಷಣ ಜೀವಕ್ಕೆ ಖಾತ್ರಿ ಎಂದು ನಂಬಲೂ ಆಗದು. ಇಷ್ಟೆಲ್ಲ ಚರ್ಚೆಗೆ ಕಾರಣವಾದ ಬಳ್ಳಾರಿಯ ಸಾವುಗಳು ನಡೆದದ್ದು ಜಿಲ್ಲಾ ಕೇಂದ್ರದಲ್ಲಿ, ತಜ್ಞರ ಕಣ್ಣೆದುರಲ್ಲಿ.

ರಸ್ತೆ ಚೆನ್ನಾಗಿದೆ, ಆಂಬುಲೆನ್ಸ್ ಇದೆ, ಹತ್ತು ಕಿಲೋಮೀಟರ್ ಹೆಚ್ಚಾದರೆ ಏನಾಯಿತು ಎನ್ನುವವರಿಗೆ ಮುಳಬಾಗಿಲಿನ ಭೂಗೋಳವೇ ಉತ್ತರ. ಕುರುಡುಮಲೆಯವರು ಪುಣ್ಯವಂತರು, ತಾಲ್ಲೂಕು ಕೇಂದ್ರ ಕೂಗಳತೆಯಲ್ಲಿದೆ. ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಸಿಗುವ ನಂಗಲಿಯ ಆಚೆಗಿನ ಗಡಿ ಹಳ್ಳಿಗಳು, ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಅಂಚಿನ ಹಳ್ಳಿಗಳು ಅಷ್ಟು ಪುಣ್ಯ ಮಾಡಿಲ್ಲ. ಮನೆಯಲ್ಲಿ ತೆಲುಗು, ರೇಷನ್ ಕಾರ್ಡಿನಲ್ಲಿ ಕನ್ನಡ, ಕಾಯಿಲೆ ಬಿದ್ದರೆ ಮದನಪಲ್ಲಿಯೋ ಕುಪ್ಪಮ್ಮೋ ಎಂದು ಬದುಕುತ್ತಿರುವ ಜನ ಅವರು. ಹೆರಿಗೆಯ ನಂತರ ರಕ್ತಸ್ರಾವ ಶುರುವಾದರೆ ಎರಡು ಗಂಟೆಯಲ್ಲಿ ಪ್ರಾಣ ಹೋಗಬಹುದು. ಆಂಬುಲೆನ್ಸ್ ಬರುವುದಕ್ಕೆ, ತಾಲ್ಲೂಕಿಗೆ ಮುಟ್ಟುವುದಕ್ಕೆ, ಅಲ್ಲಿಂದ ಮತ್ತೆ 30 ಕಿಲೋಮೀಟರಿನ ಕೋಲಾರಕ್ಕೆ ಬರೆದುಕೊಡುವುದಕ್ಕೆ ಆ ಎರಡು ಗಂಟೆಯಲ್ಲೇ ಜಾಗ ಮಾಡಬೇಕು. ಅದರ ಮೇಲೆ, ರಾಜ್ಯದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮೈಯಲ್ಲಿ ರಕ್ತವೇ ಕಡಿಮೆ ಇರುವವರಿಗೆ ಆ ಎರಡು ಗಂಟೆಯೂ ಪೂರ್ತಿ ಸಿಗುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು 2011ರ ಜನಗಣತಿಯಂತೆ ಶೇ 30ಕ್ಕೂ ಹೆಚ್ಚು, ಈ ಪ್ರಮಾಣ ರಾಜ್ಯದಲ್ಲೇ ಅತಿ ಹೆಚ್ಚು. ಟೊಮೆಟೊ ಬಿಡಿಸಿ ದಿನಗೂಲಿ ಪಡೆಯುವ ಮನೆಯಲ್ಲಿ ಒಬ್ಬಳು ಆಸ್ಪತ್ರೆ ಸೇರಿದರೆ ಜೊತೆಗೆ ಹೋಗುವವಳ ಕೂಲಿಯೂ ನಿಲ್ಲುತ್ತದೆ, ಊಟ ಹೋಟೆಲಿನಿಂದ ಬರುತ್ತದೆ, ಮನೆಯ ಹಸು ನೆರೆಯವರ ದಾಕ್ಷಿಣ್ಯಕ್ಕೆ ಬೀಳುತ್ತದೆ. ಹತ್ತು ಕಿಲೋಮೀಟರಿನ ಬೆಲೆ ಕಾರಿರುವವರಿಗೆ ಒಂದು, ಅವರಿಗೆ ಇನ್ನೊಂದು.

ಕಾರ್ಡ್ ಇದೆಯಲ್ಲ, ಐದು ಲಕ್ಷದವರೆಗೆ ಉಚಿತ, ಖಾಸಗಿಗೆ ಹೋಗಲಿ ಎಂಬ ಮಾತೂ ಕೇಳುತ್ತೇವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಮುಖ್ಯವಾಗಿ ಒಳರೋಗಿಯ ಚಿಕಿತ್ಸೆಗೆ ಇರುವ ಯೋಜನೆ. ತಿಂಗಳು ತಿಂಗಳು ಬೇಕಾಗುವ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಸಾವಿರ ಅಡಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಿಡಿದುಕೊಂಡ ಮಂಡಿಗೆ ಬೇಕಾದ ಔಷಧ ಇವಕ್ಕೆಲ್ಲ ಹತ್ತಿರದಲ್ಲೊಂದು ಓ.ಪಿ.ಡಿ. ಬೇಕು, ಕಾರ್ಡ್ ಅಲ್ಲ. ಹೊಲದಲ್ಲಿ ಹಾವು ಕಚ್ಚಿದವನ ಮುಂದೆ ಕಾರ್ಡ್ ಹಿಡಿದರೆ ವಿಷ ಇಳಿಯುವುದಿಲ್ಲ. 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದ್ದು ಇದೇ ಸರ್ಕಾರ. ಸೀರಂ ಕೊಟ್ಟು, ಉಸಿರು ತಪ್ಪಿದರೆ ನಳಿಕೆ ಹಾಕಬಲ್ಲ ಅರಿವಳಿಕೆ ತಜ್ಞನನ್ನು ಹೊಲಗಳ ನಡುವಿನ ಆಸ್ಪತ್ರೆಯಿಂದ ಎತ್ತಿದ್ದೂ ಇದೇ ಸರ್ಕಾರ. ಅವನು ಹೆರಿಗೆಗೆ ಮಾತ್ರ ಇದ್ದಾನೆ ಎಂದು ಯಾರು ಹೇಳಿದರು? ಸಮುದಾಯ ಆರೋಗ್ಯ ಕೇಂದ್ರ ಎಂಬ ಕಲ್ಪನೆಯನ್ನು ಅಮೆರಿಕದಲ್ಲಿ 1960ರ ದಶಕದಲ್ಲಿ ಬೆಳೆಸಿದ ಡಾಕ್ಟರ್ ಜ್ಯಾಕ್ ಗೈಗರ್, ಮಿಸಿಸಿಪ್ಪಿಯ ಬಡ ಕಪ್ಪು ಜನರ ಮಕ್ಕಳು ಹಸಿವಿನಿಂದ ನರಳುವುದನ್ನು ಕಂಡು, ಔಷಧ ಚೀಟಿಯಲ್ಲಿ ಆಹಾರ ಬರೆದುಕೊಟ್ಟು ಅದರ ದುಡ್ಡನ್ನು ಔಷಧದ ಲೆಕ್ಕದಲ್ಲೇ ತೀರಿಸಿದರು. ಅಲ್ಲಿ ಅವರು ನಡೆಸಿದ ಕೇಂದ್ರವನ್ನು ಹೆರಿಗೆಯ ಎಣಿಕೆಯಲ್ಲಿ ಅಳೆಯಲು ಹೋಗಿದ್ದರೆ ಅದು ಮೊದಲ ವರ್ಷವೇ ಮುಚ್ಚುತ್ತಿತ್ತು.

ಕೊನೆಯ ಆಕ್ಷೇಪ: ಹಳ್ಳಿಗೆ ಡಾಕ್ಟರುಗಳು ಬರುವುದಿಲ್ಲ. ಹೌದು, ಸೋರುವ ಕ್ವಾರ್ಟರ್ಸಿಗೆ, ಒಬ್ಬನೇ ಎಲ್ಲ ಪಾಳಿ ಮಾಡಬೇಕಾದ ಕೆಲಸಕ್ಕೆ ಯಾರೂ ಬರುವುದಿಲ್ಲ. ಕಡ್ಡಾಯ ಸೇವೆಗೆಂದೇ 2012ರಲ್ಲಿ ಕಾಯ್ದೆ ಮಾಡಿದ ರಾಜ್ಯ 2023ರಲ್ಲಿ ಅದನ್ನು ತಾನೇ ಸಡಿಲಿಸಿತು. ಎಂ.ಬಿ.ಬಿ.ಎಸ್. ವೈದ್ಯರಿಗೆ ಕೆಲವು ತಿಂಗಳ ತರಬೇತಿ ಕೊಟ್ಟು ತುರ್ತು ಅರಿವಳಿಕೆಗೆ ಸಿದ್ಧಪಡಿಸುವ ರಾಷ್ಟ್ರೀಯ ಕಾರ್ಯಕ್ರಮ ವರ್ಷಗಳಿಂದ ಇದೆ. ಅದನ್ನು ಪ್ರತಿ ಕೇಂದ್ರಕ್ಕೂ ಮುಟ್ಟಿಸುವುದು ವರ್ಗಾವಣೆ ಆದೇಶ ಟೈಪ್ ಮಾಡಿಸಿದಷ್ಟು ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ.

ತಾಲ್ಲೂಕು ಆಸ್ಪತ್ರೆಗೆ ತಜ್ಞರು ಬೇಕು. ಹೊಸ ಹುದ್ದೆ ಸೃಷ್ಟಿಸಿ ಕೊಡಿ. ಅಲ್ಲಿಯವರೆಗೆ ವರ್ಗ ಮಾಡಲೇಬೇಕಿದ್ದರೆ ತಿಂಗಳ ಹೆರಿಗೆ ಎಣಿಸಬೇಡಿ. ಆ ಕೇಂದ್ರದಿಂದ ಮುಂದಿನ ಆಪರೇಷನ್ ಥಿಯೇಟರಿಗೆ ಎಷ್ಟು ನಿಮಿಷ, ತಂಡ ಪೂರ್ತಿ ಇದ್ದ ತಿಂಗಳಲ್ಲಿ ಎಷ್ಟು ಕೆಲಸವಾಗಿತ್ತು, ಬರುವವರಲ್ಲಿ ಬೇರೆ ದಾರಿಯಿಲ್ಲದವರು ಎಷ್ಟು ಎಂಬುದನ್ನು ಎಣಿಸಿ. ತಜ್ಞರು ಹೋದ ಕಡೆ ಮೂರು ಪಾಳಿಯ ನರ್ಸ್‌ಗಳು, ಹಾವಿನ ಸೀರಂ, ರಕ್ತಸ್ರಾವ ತಡೆಯುವ ಇಂಜೆಕ್ಷನ್, ಬಾಗಿಲಲ್ಲೇ ನಿಂತಿರುವ ಆಂಬುಲೆನ್ಸ್ ಇಷ್ಟನ್ನಾದರೂ ಮೊದಲು ಕೊಟ್ಟು ಆಮೇಲೆ ಆದೇಶಕ್ಕೆ ಸಹಿ ಹಾಕಿ. ಇನ್ನೊಂದು ಕೆಲಸಕ್ಕೆ ಬಜೆಟ್ ಕೂಡ ಬೇಡ. ಇವತ್ತು ರಾತ್ರಿ ಯಾವ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ಇದ್ದಾರೆ, ಎಲ್ಲಿ ಇಲ್ಲ ಎಂಬ ಪಟ್ಟಿಯನ್ನು ದಿನಾ ಸಂಜೆ ಪ್ರತಿ ಗ್ರಾಮ ಪಂಚಾಯಿತಿಯ ಬೋರ್ಡಿಗೆ ಅಂಟಿಸಿ. ಕುರುಡುಮಲೆಯಲ್ಲಿ ಅದನ್ನು ದೇವಸ್ಥಾನದ ಮುಂದೆ, ಯಾತ್ರೆಯ ಬಸ್ಸುಗಳು ಬಂದು ನಿಲ್ಲುವ ಜಾಗದಲ್ಲೇ ಅಂಟಿಸಿದರೂ ಆದೀತು.