ತರಬೇತಿಯ ಹೊಣೆ ಯಾರದು ಎಂದು ಮೊದಲು ಕೇಳಿ

ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಅಮೆರಿಕದ ಆಸ್ಪತ್ರೆಗಳಿಗೆ ಸೇರಿದವರು ಕೆಲವು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ‘ಮುಂದೇನು’ ಎಂದು ಯೋಚಿಸುತ್ತಾರೆ. ಆಗ ಅವರೆದುರು ಕಾಣುವ ದೊಡ್ಡ ದಾರಿ ನರ್ಸ್ ಪ್ರಾಕ್ಟಿಷನರ್ ಆಗುವುದು. ರೋಗಿಯನ್ನು ತಾನೇ ಪರೀಕ್ಷಿಸಿ, ರೋಗ ಇಂಥದ್ದೆಂದು ಗುರುತಿಸಿ, ಔಷಧಿ ಬರೆದುಕೊಡುವ ಅಧಿಕಾರ ಈ ಸ್ನಾತಕೋತ್ತರ ಓದಿನಿಂದ ಸಿಗುತ್ತದೆ. 2023ರಲ್ಲಿ ಅಲ್ಲಿನ ನೋಂದಾಯಿತ ನರ್ಸ್‌ಗಳ ನಡುಮಟ್ಟದ ವಾರ್ಷಿಕ ವೇತನ ಸುಮಾರು 86 ಸಾವಿರ ಡಾಲರ್ ಇದ್ದರೆ, ನರ್ಸ್ ಪ್ರಾಕ್ಟಿಷನರ್‌ಗಳದು 1.26 ಲಕ್ಷ ಡಾಲರ್. 2023ರಿಂದ 2033ರೊಳಗೆ ಈ ಉದ್ಯೋಗ ಶೇ 46ರಷ್ಟು ಬೆಳೆಯುತ್ತದೆಂದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಅಂದಾಜಿಸಿತ್ತು. ಇಂಥ ಬೇಡಿಕೆಯ ಬೆನ್ನಿಗೇ ಜಾಹೀರಾತುಗಳೂ ಬಂದಿವೆ: ಕೆಲಸ ಬಿಡಬೇಕಿಲ್ಲ, ಊರು ಬಿಡಬೇಕಿಲ್ಲ, ಮನೆಯಿಂದಲೇ ಓದಿ. ಅರ್ಜಿ ಹಾಕುವವರು ಶುಲ್ಕ, ಅವಧಿ, ಶಾಲೆಯ ರ‍್ಯಾಂಕಿಂಗ್ ನೋಡುತ್ತಾರೆ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಕ್ಲಿನಿಕಲ್ ತರಬೇತಿಗೆ ಜಾಗವನ್ನೂ ಅಲ್ಲಿ ಕಲಿಸುವವರನ್ನೂ ಹುಡುಕಿಕೊಡುವ ಹೊಣೆ ಶಾಲೆಯದೋ, ವಿದ್ಯಾರ್ಥಿಯದೋ?

ಈ ಪ್ರಶ್ನೆಗೆ ಇಷ್ಟು ಮಹತ್ವ ಏಕೆಂಬುದು ಆ ವೃತ್ತಿ ಹುಟ್ಟಿದ ಬಗೆಯಲ್ಲೇ ಇದೆ. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಮೊದಲ ತರಬೇತಿ ಆರಂಭಿಸಿದರು. ವೈದ್ಯರಿಲ್ಲದ ಹಳ್ಳಿಗಾಡಿನ ಮಕ್ಕಳಿಗೆ ಆರೈಕೆ ಮುಟ್ಟಿಸುವುದು ಅವರ ಉದ್ದೇಶವಾಗಿತ್ತು. ನುರಿತ ನರ್ಸ್ ಒಬ್ಬರನ್ನು ಬಲ್ಲವರ ಪಕ್ಕದಲ್ಲಿ ನಿಲ್ಲಿಸಿ, ರೋಗಿಯ ಎದುರಿನಲ್ಲೇ ತೀರ್ಮಾನ ತೆಗೆದುಕೊಳ್ಳಲು ಕಲಿಸುವುದೇ ಆ ವಿದ್ಯೆಯ ತಿರುಳು. ಪುಸ್ತಕ ಎಲ್ಲಿ ಬೇಕಾದರೂ ಓದಬಹುದು, ಈ ಭಾಗ ಮಾತ್ರ ಎಲ್ಲೆಂದರಲ್ಲಿ ಸಿಗುವುದಿಲ್ಲ. ಅದಕ್ಕೆ ಮೀಸಲಾದ ಸಮಯವಾದರೂ ಎಷ್ಟು? ಬಹುಕಾಲ ಕನಿಷ್ಠ 500 ಗಂಟೆ ಸಾಕಿತ್ತು. 2022ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಮಾನದಂಡಗಳು ಅದನ್ನು 750ಕ್ಕೆ ಏರಿಸಿದವು. ವಾರಕ್ಕೆ 40 ಗಂಟೆಯಂತೆ ಲೆಕ್ಕ ಹಾಕಿದರೆ ಇದು 19 ವಾರವೂ ಆಗುವುದಿಲ್ಲ. ಅಲ್ಲಿನ ಕುಟುಂಬ ವೈದ್ಯರು ವೈದ್ಯಕೀಯ ಶಾಲೆ ಮುಗಿಸಿದ ಮೇಲೆಯೇ ಮೂರು ವರ್ಷ ರೆಸಿಡೆನ್ಸಿ, ಅಂದರೆ ಹಿರಿಯರ ಕೈಕೆಳಗೆ ರೋಗಿಗಳನ್ನು ನೋಡುತ್ತಾ ಕಲಿಯುವ ತರಬೇತಿ, ಮಾಡುತ್ತಾರೆ. ಇರುವ ಗಂಟೆಗಳೇ ಇಷ್ಟು ಕಡಿಮೆ ಇರುವಾಗ ಅವು ಯಾರ ಕೈಕೆಳಗೆ ಕಳೆದವು ಎಂಬುದರಿಂದಲೇ ಕಲಿಕೆಯ ಗುಣಮಟ್ಟ ನಿರ್ಧಾರವಾಗುತ್ತದೆ.

ಹೀಗಿದ್ದೂ ‘ಪ್ರಿಸೆಪ್ಟರ್’ ಎಂದು ಕರೆಯುವ ಈ ಮಾರ್ಗದರ್ಶಕರನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಲಿ ಎಂದು ಬಿಡುವ ಶಾಲೆಗಳಿವೆ. ಸಾವಿರಾರು ಡಾಲರ್ ಶುಲ್ಕ ಕಟ್ಟಿದ ವಿದ್ಯಾರ್ಥಿ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಫೋನ್ ಮಾಡುತ್ತಾ, ಇಮೇಲ್ ಕಳಿಸುತ್ತಾ, ಪರಿಚಯದವರ ಪರಿಚಯ ಹಿಡಿಯುತ್ತಾ ಅಲೆಯಬೇಕಾಗುತ್ತದೆ. ಯಾರೂ ಸಿಗದಿದ್ದರೆ ಪದವಿ ಮುಂದಕ್ಕೆ ಹೋಗುತ್ತದೆ. ಹಣ ಪಡೆದು ಪ್ರಿಸೆಪ್ಟರ್ ಒದಗಿಸುವ ಏಜೆನ್ಸಿಗಳೇ ಹುಟ್ಟಿಕೊಂಡಿವೆ, ಅವಕ್ಕೆ ತೆರುವ ಹಣ ಶುಲ್ಕದ ಪಟ್ಟಿಯಲ್ಲಿ ಕಾಣುವುದಿಲ್ಲ. ಅಗ್ಗವೆಂದು ಆರಿಸಿಕೊಂಡ ಓದು ದುಬಾರಿಯಾಗುವುದು ಹೀಗೆ. ಹಣ, ಸಮಯ ಹೋದರೂ ದುಡಿದು ತುಂಬಿಕೊಳ್ಳಬಹುದೇನೋ, ಕಲಿಕೆಯಲ್ಲಾದ ನಷ್ಟವನ್ನು ಹಾಗೆ ತುಂಬಿಕೊಳ್ಳಲಾಗದು. ಕೊನೆಗೆ ಸಿಕ್ಕವರೇ ಗುರು ಎಂಬ ಸ್ಥಿತಿ ಬಂದಾಗ, ಆ ಗುರುವಿಗೆ ಕಲಿಸುವ ವ್ಯವಧಾನ ಇದೆಯೇ, ವಿದ್ಯಾರ್ಥಿ ರೋಗಿಗಳನ್ನು ನೋಡುತ್ತಿದ್ದಾರೆಯೇ ಅಥವಾ ಮೂಲೆಯಲ್ಲಿ ನಿಂತು ಗಂಟೆ ತುಂಬಿಸುತ್ತಿದ್ದಾರೆಯೇ ಎಂಬುದು ದೂರದ ಶಾಲೆಗೆ ತಿಳಿಯುವ ಸಂಭವ ಕಡಿಮೆ. ಮುಂದೊಂದು ದಿನ ಅದರ ಫಲ ಉಣ್ಣುವವರು ರೋಗಿಗಳು.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ನಿಜವಾದ ಕಷ್ಟದಿಂದಲೇ ಬರುತ್ತದೆ. ಮಕ್ಕಳಿದ್ದಾರೆ, ಮನೆ ಸಾಲದ ಕಂತಿದೆ, ಊರಿಗೆ ಹಣ ಕಳಿಸಬೇಕು, ರಾತ್ರಿ ಪಾಳಿ ಮುಗಿಸಿ ಬಂದವರು ಆನ್‌ಲೈನ್ ಅಲ್ಲದೆ ಇನ್ನು ಹೇಗೆ ಓದಿಯಾರು? ಇದನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆದರೆ ನನ್ನ ತಕರಾರು ಆನ್‌ಲೈನ್ ಪಾಠದ ಬಗ್ಗೆ ಅಲ್ಲ. ಔಷಧಶಾಸ್ತ್ರವನ್ನೂ ರೋಗಲಕ್ಷಣ ವಿಜ್ಞಾನವನ್ನೂ ಪರದೆಯ ಮೇಲೆ ಚೆನ್ನಾಗಿಯೇ ಕಲಿಸಬಹುದು. ದೂರಶಿಕ್ಷಣ ನೀಡುತ್ತಲೇ ವಿದ್ಯಾರ್ಥಿಯ ಊರಿನ ಹತ್ತಿರ ತರಬೇತಿ ಜಾಗ ಗೊತ್ತುಮಾಡಿಕೊಡುವ ಶಾಲೆಗಳೂ ಇವೆ. ಬಿಡುವಿಲ್ಲದವರಿಗೆ ಈ ಪ್ರಶ್ನೆ ಇನ್ನೂ ಮುಖ್ಯ, ಏಕೆಂದರೆ ಪ್ರಿಸೆಪ್ಟರ್ ಹುಡುಕುತ್ತಾ ಅಲೆಯಲು ಸಮಯವಿಲ್ಲದವರೇ ಅವರು.

ಹತ್ತು ವರ್ಷ ನರ್ಸ್ ಆಗಿದ್ದವರಿಗೆ ಗಂಟೆಗಳ ಲೆಕ್ಕ ಏಕೆ ಎನ್ನುವ ಮಾತೂ ಇದೆ. ಅನುಭವಕ್ಕೆ ಬೆಲೆ ಇದೆ. ರೋಗಿಯ ಸ್ಥಿತಿ ಬಿಗಡಾಯಿಸುತ್ತಿರುವುದು ಹಳಬರ ಕಣ್ಣಿಗೆ ಬೇಗ ಬೀಳುತ್ತದೆ. ಆದರೆ ಬಿಗಡಾಯಿಸಿದ್ದು ಏಕೆ, ಹತ್ತು ಕಾರಣಗಳಲ್ಲಿ ಯಾವುದು, ಯಾವ ಪರೀಕ್ಷೆ ಬೇಕು, ಯಾವ ಔಷಧಿ ಬೇಡ ಎಂದು ನಿರ್ಧರಿಸಿ ಅದರ ಜವಾಬ್ದಾರಿ ಹೊರುವುದು ಬೇರೆಯೇ ಕೌಶಲ. ಇನ್ನು ಕೆಲವರು ಅಧ್ಯಯನಗಳನ್ನು ಮುಂದಿಡುತ್ತಾರೆ. 2000ನೇ ಇಸವಿಯಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನ ಇವುಗಳಲ್ಲಿ ಹೆಸರಾದುದು. 1,316 ರೋಗಿಗಳನ್ನು ಒಳಗೊಂಡಿದ್ದ ಅದರಲ್ಲಿ, ನರ್ಸ್ ಪ್ರಾಕ್ಟಿಷನರ್ ನೋಡಿದವರಿಗೂ ವೈದ್ಯರು ನೋಡಿದವರಿಗೂ ಆರು ತಿಂಗಳ ನಂತರ ಆರೋಗ್ಯದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ನಾನೂ ಆ ಫಲಿತಾಂಶವನ್ನು ಒಪ್ಪುತ್ತೇನೆ. ಆದರೆ ಅಲ್ಲಿ ರೋಗಿಗಳನ್ನು ನೋಡಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಬಲವಾದ ವ್ಯವಸ್ಥೆಯೊಳಗೆ ಕೆಲಸ ಮಾಡುತ್ತಿದ್ದವರು. ಒಳ್ಳೆಯ ತರಬೇತಿ ಪಡೆದವರು ಒಳ್ಳೆಯ ಚಿಕಿತ್ಸೆ ಕೊಡಬಲ್ಲರು ಎಂಬುದಕ್ಕೆ ಅದು ಸಾಕ್ಷಿ. ತರಬೇತಿ ಹೇಗಿದ್ದರೂ ನಡೆಯುತ್ತದೆ ಎಂದು ಅದರಿಂದ ವಾದಿಸಲಾಗದು.

ಉಳಿದ ಕೆಲವು ಸಂಗತಿಗಳು ಸರಳ, ಆದರೆ ಮರೆತರೆ ಕಷ್ಟ. ಅಲ್ಲಿನ ಮಾನ್ಯತಾ ಸಂಸ್ಥೆಗಳು ಒಪ್ಪಿದ ಶಾಲೆಯಲ್ಲಿ ಓದಿದವರಿಗಷ್ಟೇ ಪ್ರಮಾಣಪತ್ರದ ಪರೀಕ್ಷೆಗೆ ಪ್ರವೇಶ. ಹಾಗಾಗಿ ಭಾರತದಲ್ಲಿ ಪಡೆದ ಎಂ.ಎಸ್ಸಿ. ನರ್ಸಿಂಗ್ ಒಂದನ್ನೇ ನಂಬಿ ಅಲ್ಲಿ ನರ್ಸ್ ಪ್ರಾಕ್ಟಿಷನರ್ ಆಗಲು ಬರುವುದಿಲ್ಲ. ಕುಟುಂಬ ಆರೋಗ್ಯದ ವಿಭಾಗದಲ್ಲಿ ಓದಿದವರ ತರಬೇತಿ ತೀವ್ರ ನಿಗಾ ಘಟಕಕ್ಕಾಗಿ ರೂಪಿಸಿದ್ದಲ್ಲ. ಕೊನೆಗೆ ಎಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಅದಕ್ಕೆ ತಕ್ಕ ವಿಭಾಗವನ್ನು ಸೇರುವಾಗಲೇ ಆರಿಸಬೇಕು. ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟಿಷನರ್‌ಗಳು ಸ್ವತಂತ್ರವಾಗಿ ಚಿಕಿತ್ಸೆ ನೀಡಬಹುದು, ಟೆಕ್ಸಾಸ್‌ನಂಥ ರಾಜ್ಯದಲ್ಲಿ ವೈದ್ಯರೊಂದಿಗೆ ಒಪ್ಪಂದ ಬೇಕು. ಒಂದು ರಾಜ್ಯದ ಆನ್‌ಲೈನ್ ಶಾಲೆಗೆ ನೀವಿರುವ ರಾಜ್ಯದಲ್ಲಿ ಕ್ಲಿನಿಕಲ್ ತರಬೇತಿ ನಡೆಸಲು ಅನುಮತಿ ಇಲ್ಲದೆಯೂ ಇರಬಹುದು.

ನಮ್ಮಲ್ಲೂ ಈ ವೃತ್ತಿ ಮೊಳೆಯುತ್ತಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ನರ್ಸ್ ಪ್ರಾಕ್ಟಿಷನರ್‌ಗಳನ್ನು ರೂಪಿಸುವ ಮಾತಾಡಿದೆ. ತೀವ್ರ ನಿಗಾ ವಿಭಾಗಕ್ಕಾಗಿ ಎರಡು ವರ್ಷಗಳ ಸ್ನಾತಕೋತ್ತರ ರೆಸಿಡೆನ್ಸಿಯನ್ನು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದೆ. ಆಸ್ಪತ್ರೆಯೊಳಗಿನ ಕಲಿಕೆಯನ್ನೇ ಕೇಂದ್ರದಲ್ಲಿಟ್ಟ ಈ ಮಾದರಿ ಸರಿಯಾದದ್ದು. ಅದಕ್ಕೆ ಸೇರುವವರೂ ಕಾಲೇಜಿನ ಕಟ್ಟಡ ನೋಡದೆ ಅದರ ಐಸಿಯು ನೋಡಬೇಕು, ಅಲ್ಲಿ ಕಲಿಸುವವರು ಯಾರೆಂದು ವಿಚಾರಿಸಬೇಕು. ಅಮೆರಿಕದಲ್ಲಿ ಓದಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟೇ: ಶುಲ್ಕ ಕಟ್ಟುವ ಮೊದಲು ಶಾಲೆಗೆ ಪತ್ರ ಬರೆಯಿರಿ. ತರಬೇತಿಗೆ ಜಾಗ ಕೊಡುವವರು ಯಾರು, ಕೊನೆ ಗಳಿಗೆಯಲ್ಲಿ ಪ್ರಿಸೆಪ್ಟರ್ ಕೈಬಿಟ್ಟರೆ ಬದಲಿ ಏರ್ಪಾಡು ಏನು, ಕಳೆದ ಮೂರು ವರ್ಷ ಎಷ್ಟು ಮಂದಿ ಮೊದಲ ಯತ್ನದಲ್ಲೇ ಪ್ರಮಾಣಪತ್ರದ ಪರೀಕ್ಷೆ ಪಾಸಾದರು ಎಂದು ಕೇಳಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅದನ್ನು ಕೊಡಲು ಹಿಂಜರಿಯುವ ಶಾಲೆಗೆ ಸೇರಬೇಡಿ.