ದರ ಇಳಿದರೆ ಲೆಕ್ಕ ಹಾಕಿ, ರದ್ದಾದರೆ ಹಣ ಕೇಳಿ!

ಚಾಮರಾಜನಗರ, ಗುಂಡ್ಲುಪೇಟೆಯ ವಿಮಾನ ಪ್ರಯಾಣಿಕರಲ್ಲಿ ಮನವಿ

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ದುಡಿಯಲು ಗಲ್ಫ್‌ಗೆ, ಸಂದರ್ಶನಕ್ಕೆ ದೆಹಲಿಗೆ, ಯಾತ್ರೆಗೆ ಕಾಶಿಗೆ ನಮ್ಮವರು ಹೋಗುತ್ತಲೇ ಇದ್ದಾರೆ. ಅರಿಶಿನ, ಚೆಂಡು ಹೂ ಮಾರಿ ಕೂಡಿಟ್ಟ ದುಡ್ಡಿನಲ್ಲಿ ಟಿಕೆಟ್ ಕೊಳ್ಳುತ್ತೇವೆ. ಮಾರನೇ ದಿನ ಅದೇ ವಿಮಾನದ ದರ ಇಳಿದರೆ ಹಣೆಬರಹ ಎಂದು ಸುಮ್ಮನಾಗುತ್ತೇವೆ. ಸುಮ್ಮನಾಗಬೇಡಿ! ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮಗಳು ನಮ್ಮ ಕೈ ಹಿಡಿಯುತ್ತವೆ.

ನಮ್ಮ ಹಕ್ಕುಗಳು:

1. ದೇಶದೊಳಗಿನ ಪ್ರಯಾಣಕ್ಕೆ ಕಂಪನಿಯ ವೆಬ್‌ಸೈಟಿನಲ್ಲೇ ಟಿಕೆಟ್ ತೆಗೆದು, ವಿಮಾನ ಹೊರಡಲು ಏಳು ದಿನಕ್ಕಿಂತ ಹೆಚ್ಚು ಸಮಯವಿದ್ದರೆ, ಟಿಕೆಟ್ ತೆಗೆದ 48 ಗಂಟೆಯೊಳಗೆ ರದ್ದು ಮಾಡಲು ಶುಲ್ಕವಿಲ್ಲ.

2. ಆ ಅವಧಿ ಮೀರಿದರೂ ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ.

3. ಟಿಕೆಟ್ ಮೇಲೆ 'ನಾನ್ ರಿಫಂಡಬಲ್' ಎಂದಿದ್ದರೂ, ವಿಮಾನವೇ ತಪ್ಪಿದರೂ, ಸರ್ಕಾರಿ ತೆರಿಗೆ ಹಾಗೂ ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಲೇಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮದ್ದೂರು ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತು ಕೇರಳದ ಕರಿಪುರ ನಿಲ್ದಾಣದ ವಿಮಾನ ತಪ್ಪಿಸಿಕೊಂಡವರಿಗೂ ಈ ಹಕ್ಕಿದೆ.

4. ಹಣದ ಬದಲು 'ಕ್ರೆಡಿಟ್ ಶೆಲ್' (ಮುಂದಿನ ಪ್ರಯಾಣಕ್ಕೆಂದು ಕಂಪನಿಯಲ್ಲೇ ಉಳಿಸುವ ಮೊತ್ತ) ತೆಗೆದುಕೊಳ್ಳುವುದು, ಬಿಡುವುದು ನಮ್ಮ ಇಷ್ಟ. ಕಂಪನಿ ಅದನ್ನು ಹೇರುವಂತಿಲ್ಲ.

ಲೆಕ್ಕ ಹಾಕದೆ ರದ್ದು ಮಾಡಬೇಡಿ

ಉದಾಹರಣೆಗೆ, 6,500 ರೂಪಾಯಿಗೆ ಕೊಂಡ ಟಿಕೆಟ್ ಈಗ 4,000ಕ್ಕೆ ಸಿಗುತ್ತಿದೆ ಎನ್ನಿ. ಮೊದಲ 48 ಗಂಟೆಯೊಳಗಾದರೆ ತಲೆಗೆ 2,500 ಉಳಿತಾಯ. ನಾಲ್ಕು ಜನರ ಮನೆಗೆ 10,000. ಅವಧಿ ಮುಗಿದು ರದ್ದತಿ ಶುಲ್ಕ 3,000 ಆದರೆ ಕೈಗೆ ಬರುವುದು 3,500. ಹೊಸ ಟಿಕೆಟ್ ಕೊಂಡರೆ 500 ನಷ್ಟ. ಆಗ ಹಳೆಯದನ್ನೇ ಇಟ್ಟುಕೊಳ್ಳಿ. ಇಳಿದ ಮೊತ್ತ ಶುಲ್ಕಕ್ಕಿಂತ ಹೆಚ್ಚಿದ್ದರೆ ಮಾತ್ರ ಬದಲಿಸಿ. ಹೊಸ ಟಿಕೆಟ್ ಖಾತ್ರಿಯಾದ ಕೂಡಲೇ ಹಳೆಯದನ್ನು ರದ್ದು ಮಾಡಿ. ಮೊದಲೇ ರದ್ದು ಮಾಡಿ, ಅಷ್ಟರಲ್ಲಿ ದರ ಏರಿದರೆ ನಷ್ಟ ನಮ್ಮದೇ.

ಟಿಕೆಟ್ ಮಾಡಿಸುವಾಗ ಎಚ್ಚರ

ಆನ್‌ಲೈನ್ ಸೆಂಟರಿನಲ್ಲಿ ಟಿಕೆಟ್ ಮಾಡಿಸುತ್ತೀರಾ? ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ. ಅಂಗಡಿಯವರ ನಂಬರ್ ಇದ್ದರೆ ವಿಮಾನದ ವೇಳೆ ಬದಲಾದ ಸುದ್ದಿಯೂ, ಹಣ ವಾಪಸಾದ ಸುದ್ದಿಯೂ ಅವರಿಗೇ ಹೋಗುತ್ತದೆ. ಒಟ್ಟು ಮೊತ್ತವಷ್ಟೇ ಇರುವ ಚೀಟಿ ಸಾಲದು. ಮೂಲ ದರ ಎಷ್ಟು, ತೆರಿಗೆ ಎಷ್ಟು, ಅಂಗಡಿಯ ಕಮಿಷನ್ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿ. ಏಜೆಂಟ್ ಮೂಲಕ ಕೊಂಡ ಟಿಕೆಟ್ಟಿಗೂ ಹಣ ಮರಳಿಸುವ ಹೊಣೆ ವಿಮಾನ ಕಂಪನಿಯದೇ.

ಹಣ ಬಾರದಿದ್ದರೆ

ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ. ಕೇಂದ್ರ ಸರ್ಕಾರದ 'ಏರ್‌ಸೇವಾ' ಜಾಲತಾಣದಲ್ಲಿ ದಾಖಲಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಕಂಪನಿ ಜಗ್ಗದಿದ್ದರೆ ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಲಾಕ್‌ಡೌನಿನಲ್ಲಿ ರದ್ದಾದ ಟಿಕೆಟ್ಟುಗಳ ಹಣ ಮರಳಿಸುವಂತೆ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದೂ ಪ್ರಯಾಣಿಕರ ಪರ ನಿಂತವರು ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದಲೇ.

ಬಂಧುಗಳೇ, ಹೋಗಲಾಗದೆ ಉಳಿದ ಪ್ರಯಾಣದ ಟಿಕೆಟ್ ಮನೆಯಲ್ಲಿದ್ದರೆ ಇವತ್ತೇ ಹೊರತೆಗೆಯಿರಿ. ತೆರಿಗೆ ಹಣ ವಾಪಸ್ ಬಂದಿದೆಯೇ ನೋಡಿ. ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ನಮ್ಮ ದುಡಿಮೆಯ ಒಂದು ರೂಪಾಯಿಯನ್ನೂ ಕೇಳದೆ ಬಿಡುವುದು ಬೇಡ!

ಓದಿ, ಪಕ್ಕದ ಮನೆಯವರಿಗೂ ಓದಿ ಹೇಳಿ.

— ಜಿಲ್ಲೆಯ ಪ್ರಯಾಣಿಕರ ಪರವಾಗಿ