ಐದು ಸೆಂಟಿಮೀಟರ್ ಸೈನಿಕನ ಪಾಠ

ದೊಡ್ಡವರು ಪುಟ್ಟ ಸೈನಿಕರ ಮಾದರಿಗಳಿಗೆ ಬಣ್ಣ ಹಚ್ಚುತ್ತ ಕೂರುವುದು ಬರೀ ಕಾಲಹರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೈ ಕೆಲಸ ಮಾಡುತ್ತಲೇ ಇತಿಹಾಸ ಕಲಿಸುವ ಹವ್ಯಾಸವಿದು.

1:35 ಅಳತೆಯಲ್ಲಿ ಆಳೆತ್ತರದ ಸೈನಿಕ ಸುಮಾರು ಐದೇ ಸೆಂಟಿಮೀಟರ್. ಪ್ಲಾಸ್ಟಿಕ್ಕಿನ ಮೇಲಿನ ಅಚ್ಚಿನ ಗೆರೆ ಉಜ್ಜಿ, ಪ್ರೈಮರ್ ಕೊಟ್ಟು, ಖಾಕಿ ಬಳಿದ ಮೇಲೆ ನೀರಾಗಿಸಿದ ಕಂದು ಬಣ್ಣ ಹರಿಬಿಟ್ಟರೆ ಅದು ಬಟ್ಟೆಯ ನೆರಿಗೆಗಳಲ್ಲಿ ಇಳಿದು ನಿಲ್ಲುತ್ತದೆ. ಉಬ್ಬಿದ ಕಡೆ ತಿಳಿ ಬಣ್ಣ ಸವರಿದರೆ ಸಮವಸ್ತ್ರಕ್ಕೆ ಜೀವ ಬರುತ್ತದೆ. ಆದರೆ ಪೇಟದ ಸುತ್ತು ಹೇಗಿತ್ತು, ಭರ್ಜಿಯನ್ನು ಹೇಗೆ ಹಿಡಿಯುತ್ತಿದ್ದರು ಎಂದು ತಿಳಿಯದೆ ಕುಂಚ ಮುಂದೆ ಸಾಗದು. ಹಳೆಯ ಫೋಟೊಗಳನ್ನು ಹುಡುಕಲೇಬೇಕು.

ಹಾಗೆ ಹುಡುಕುತ್ತಲೇ ನನಗೆ ಮೈಸೂರು ಲ್ಯಾನ್ಸರ್ಸ್ ಪರಿಚಯವಾದದ್ದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಹೈಫಾ ನಗರವನ್ನು ಗೆದ್ದ, ಕಾರ್ಮೆಲ್ ಬೆಟ್ಟವೇರಿ ಶತ್ರುವಿನ ಫಿರಂಗಿಗಳ ಮೇಲೆ ಎರಗಿದ ನಮ್ಮ ಅಶ್ವಪಡೆ ಅದು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಶಾಲೆಗಳ ಕರಕುಶಲ ತರಗತಿಯಲ್ಲಿ, ವಸ್ತುಸಂಗ್ರಹಾಲಯಗಳ ಬೇಸಿಗೆ ಶಿಬಿರದಲ್ಲಿ ಈ ಹವ್ಯಾಸಕ್ಕೆ ಜಾಗ ಕೊಡಿ. ಶುರುಮಾಡಲು ಜೇಡಿಮಣ್ಣು, ಸಣ್ಣದೊಂದು ಕುಂಚ, ನಾಲ್ಕು ಬಣ್ಣ ಸಾಕು.